ಮಡಿವಾಳ, ತಾವರೆಕೆರೆ ಮತ್ತು ಸುತ್ತುಮುತ್ತಲಿನ ಹಳ್ಳಿಗಳು

ಇಂಗ್ಲೀಷ್ ವಾಚಕಗಳನ್ನು ಓದಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಆಂಗ್ಲದೇಶದ ಸಣ್ಣ ಹಳ್ಳಿಯೊಂದರ ಚಿತ್ರವು ಅಪರಿಚಿತವಾದುದಲ್ಲ. ಹಸುರು ಬಯಲು, ಅದರ ಅಂಚಿನಲ್ಲಿ ಗಂಟೆಯ ಗೋಪುರ, ಹಳ್ಳದ ಮೇಲೊಂದು ಕಲ್ಲಿನ ಸೇತುವೆ, ಕಮ್ಮಾರನ ಕುಲುಮೆ, ಬೇಲಿಯೊಳಗಣ ಗೋದಿಯ ಹೊಲ, ಇವನ್ನೆಲ್ಲಾ ಕಣ್ಣಾರೆ ಕಾಣದಿದ್ದರೂ ಕಂಡಂತೆಯೇ ವರ್ಣಿಸಬಲ್ಲವರು ನಮ್ಮಲ್ಲಿ ಅನೇಕರಿರುವರು. ಆಲಿವರ್ ಗೋಲ್ಡ್‌ಸ್ಮಿತ್ ಕವಿಯು 1770ರಲ್ಲಿ ಪ್ರಕಟಿಸಿದ ‘ದಿ ಡೆಸರ್ಟೆಡ್ ವಿಲೇಜ್’ ಎಂಬ ಕವನವನ್ನು ಬಾಯಿಪಾಠ ಮಾಡಿದವರೂ ಉಂಟು. ಜನರು ಬಿಟ್ಟುಹೋದುದರಿಂದ ಹಾಳುಬಿದ್ದ ಹಳ್ಳಿಯೊಂದನ್ನು ಕುರಿತು ಕವಿಯು ಅದರಲ್ಲಿ ಮರುಗಿರುವನು. ಆದರೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ವಾಸಮಾಡುವ ನಮ್ಮ ಕಾಲ ಕೆಳಗೆ ಬೇರೊಂದು ಬಗೆಯ ಹಳ್ಳಿಯಿರುವುದು. ಅದು ಜನವಿಲ್ಲದೆ ಹಾಳಾದುದಲ್ಲ. ಜನವು ಹೆಚ್ಚಿ ಕಣ್ಣಿಗೆ ಮರೆಯಾದುದು. ದೂರದೇಶದ ಹಳ್ಳಿಯನ್ನು ಬಲ್ಲ ನಮ್ಮ ಮಕ್ಕಳು ಈ ಹಳ್ಳಿಯನ್ನು ಅರಿಯರು. ಆದುದರಿಂದ ಇದರ ವಿಷಯವಾಗಿ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುವುದು ಅನುಚಿತವಾಗಲಾರದೆಂದು ನಂಬುತ್ತೇವೆ.

ಬಿ.ಟಿ.ಎಂ. ಬಡಾವಣೆ ಎಂದು ದಿನವೂ ಸಹಸ್ರಾರು ಮಂದಿ ವಿಳಾಸ ಬರೆಯುತ್ತಾರೆ. ಆ ಮೂರಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರಗಳೆಂಬುದನ್ನು ಅವರಲ್ಲಿ ಎಷ್ಟು ಮಂದಿ ಯೋಚಿಸಿರುವರು? ಮೂರು ಊರುಗಳು ಮೂರು ಅಕ್ಷರಗಳಾಗಿ ಕುಗ್ಗಿದುದೇ ಈ ಸೀಮೆಯ ಇತ್ತೀಚಿನ ಚರಿತ್ರೆಯೆಂದು ಹೇಳಬಹುದು. ಅದರ ಹಿಂದಣ ಚರಿತ್ರೆಯಾದರೋ ಸಾವಿರ ವರ್ಷಗಳಿಗೂ ಮಿಗಿಲಾದುದು.

ನೆಲದ ಸ್ವರೂಪ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವುದು. ಇಲ್ಲಿ ದೊಡ್ಡ ನದಿಯೊಂದೂ ಹರಿಯುವುದಿಲ್ಲ. ವರ್ಷಕ್ಕೆ ಸುಮಾರು 35ರಿಂದ 40 ಅಂಗುಲದಷ್ಟು ಬೀಳುವ ಮಳೆಯೇ ಪೂರ್ವಕಾಲದಲ್ಲಿ ಜನರಿಗಿದ್ದ ಆಧಾರವು. ಊರಿನ ನಡುವೆ ಹಾದುಹೋಗುವ ದಿಣ್ಣೆಯು ಮನೆಯ ಮಾಡಿನಂತೆ ಮಳೆಯ ನೀರನ್ನು ಎರಡು ಕಡೆಗೆ ಇಳಿಸುತ್ತದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿಯನ್ನು ಸೇರಿ, ಅಲ್ಲಿಂದ ಅರ್ಕಾವತಿಗೂ ತರುವಾಯ ಕಾವೇರಿಗೂ ಹೋಗುವುದು. ಪೂರ್ವಕ್ಕೆ ಬಿದ್ದುದು ಕೋರಮಂಗಲದ ಕಣಿವೆಯನ್ನು ಹಿಡಿದು, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳನ್ನು ತುಂಬಿ, ದಕ್ಷಿಣ ಪಿನಾಕಿನಿಯನ್ನು ಕೂಡುವುದು. ಮಡಿವಾಳ, ತಾವರೆಕೆರೆಗಳು ಈ ಎರಡನೆಯ ಪಕ್ಕಕ್ಕೆ ಸೇರಿದ ಊರುಗಳು.

ಹೀಗೆ ಇಳಿದುಹೋಗುವ ನೀರನ್ನು ಅಲ್ಲಲ್ಲಿ ಏರಿ ಹಾಕಿ ನಿಲ್ಲಿಸಿದುದರಿಂದಲೇ ಇಲ್ಲಿ ಊರುಗಳು ಹುಟ್ಟಿದುವು. ಮೇಲಿನ ಕೆರೆ ತುಂಬಿ ಕೋಡಿಬಿದ್ದರೆ ಆ ನೀರು ಕಾಲುವೆಯಿಂದ ಕೆಳಗಿನ ಕೆರೆಗೆ ಬರುವುದು. ಅದು ತುಂಬಿದ ಮೇಲೆ ಅದರ ಕೆಳಗಿನದಕ್ಕೆ. ಮಡಿವಾಳದ ಕೆರೆಯಿಂದ ಹೊರಟ ನೀರು ಅಗರದ ಕೆರೆಗೂ, ಅಲ್ಲಿಂದ ಬೆಳ್ಳಂದೂರಿಗೂ ಸಾಗುವುದು ಇದೇ ಕ್ರಮದಲ್ಲಿ. ಆದುದರಿಂದ ಇಲ್ಲಿನ ಯಾವ ಹಳ್ಳಿಯೂ ಒಂಟಿಯಾಗಿ ಬಾಳಿದುದಲ್ಲ. ನೆರೆಯೂರಿನ ಏರಿ ಒಡೆದರೆ ತನ್ನ ಗದ್ದೆ ಮುಳುಗುವುದೆಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತಿದ್ದಿತು.

ಹೆಸರುಗಳು ತಿಳಿಸುವ ಸಂಗತಿ

ಈ ಸೀಮೆಯ ಊರುಗಳ ಹೆಸರುಗಳನ್ನು ಒಂದು ಪಟ್ಟಿಯಾಗಿ ಬರೆದು ನೋಡಿದರೆ ಅದೇ ಒಂದು ಪಾಠವಾಗುವುದು. ಬೈರಸಂದ್ರ, ಲಕ್ಕಸಂದ್ರ, ಜಕ್ಕಸಂದ್ರ, ಸಿಂಗಸಂದ್ರ ಇವುಗಳ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ವೆಂಬ ಶಬ್ದದ ತದ್ಭವ. ಸಮುದ್ರವನ್ನು ಕಂಡರಿಯದ ನಮ್ಮ ಹಿರಿಯರು ತಾವು ಕಟ್ಟಿದ ಕೆರೆಗೇ ಆ ಹೆಸರನ್ನಿಟ್ಟು ತೃಪ್ತಿಪಟ್ಟರು. ತಾವರೆಕೆರೆ, ಅರೆಕೆರೆಗಳಲ್ಲಿ ಕೆರೆಯು ಹೆಸರಿನಲ್ಲಿಯೇ ನಿಂತಿದೆ. ಕೋಣನಕುಂಟೆಯಲ್ಲಿರುವ ಕುಂಟೆಯೆಂದರೆ ದನಕರುಗಳು ನೀರು ಕುಡಿಯುವ ಸಣ್ಣ ಹೊಂಡ. ಅಗರವೆಂಬುದು ಅಗ್ರಹಾರವೆಂಬ ಮಾತಿನ ಸಂಕ್ಷೇಪ ರೂಪ. ಮಡಿವಾಳವೆಂಬ ಹೆಸರು ಬಟ್ಟೆ ಮಡಿಮಾಡುವವರನ್ನು ನೆನಪಿಗೆ ತರುವುದು. ಅವರ ಕಸುಬಿಗೂ ಮೊದಲು ಬೇಕಾದುದು ನೀರೇ. ಹತ್ತು ಹೆಸರುಗಳನ್ನು ಹೇಳಿದರೆ ಅದರಲ್ಲಿ ಐದಾರರಲ್ಲಿ ನೀರಿನ ಮಾತು ಬರುವ ಈ ನಾಡಿನಲ್ಲಿ, ಹೆಸರನ್ನು ಇಟ್ಟವರಿಗೆ ಯಾವುದು ಅಮೂಲ್ಯವಾಗಿದ್ದಿತೆಂದು ಬೇರೆ ಹೇಳಬೇಕಾದುದಿಲ್ಲ.

ಕಲ್ಲಿನ ಬರಹಗಳು

ಆಂಗ್ಲದೇಶದಲ್ಲಿ ವಿಲಿಯಂ ದೊರೆಯು 1086ರಲ್ಲಿ ‘ಡೂಮ್ಸ್‌ಡೇ’ ಎಂಬ ಮಹಾ ದಫ್ತರವನ್ನು ಬರೆಯಿಸಿದನು. ಇಂತಿಂಥ ಹಳ್ಳಿಯಲ್ಲಿ ಇಷ್ಟು ನೇಗಿಲು, ಇಷ್ಟು ಗಿರಣಿ, ಇಷ್ಟು ಕಂದಾಯವೆಂದು ಅದರಲ್ಲಿ ಲೆಕ್ಕವಿರುವುದರಿಂದ, ಅಲ್ಲಿನ ಅನೇಕ ಸಣ್ಣ ಹಳ್ಳಿಗಳು ತಮ್ಮ ಹೆಸರು ಅದರಲ್ಲಿ ಬಂದಿದೆಯೆಂದು ಹೆಮ್ಮೆಪಡುತ್ತವೆ. ನಮ್ಮ ಹಳ್ಳಿಗಳ ದಫ್ತರವು ಚರ್ಮದ ಹಾಳೆಯ ಮೇಲಲ್ಲ, ಕಲ್ಲಿನ ಮೇಲಿರುವುದು. ಅದರಲ್ಲಿ ಕೆಲವು ಡೂಮ್ಸ್‌ಡೇ ದಫ್ತರಕ್ಕಿಂತ ಎರಡು ಶತಮಾನ ಹಿಂದಿನವು.

ಮಡಿವಾಳದ ದಕ್ಷಿಣಕ್ಕಿರುವ ಬೇಗೂರನ್ನು ತೆಗೆದುಕೊಳ್ಳಿರಿ. ಅಲ್ಲಿಯ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ದೊರೆತ, ಸುಮಾರು ಕ್ರಿ.ಶ. 890ರ ವೀರಗಲ್ಲೊಂದರಲ್ಲಿ ‘ಬೆಂಗಳೂರ ಕಾಳಗ’ದ ಪ್ರಸ್ತಾಪವಿರುವುದು. ಬೆಂಗಳೂರೆಂಬ ಹೆಸರು ಬರಹದಲ್ಲಿ ದೊರೆತಿರುವುದರಲ್ಲಿ ಇದೇ ಅತ್ಯಂತ ಪ್ರಾಚೀನವಾದುದು. ಇದನ್ನು ಪತ್ತೆಹಚ್ಚಿದವರು ಮೈಸೂರು ಸಂಸ್ಥಾನದ ಶಾಸನತಜ್ಞರಾಗಿದ್ದ ಆರ್. ನರಸಿಂಹಾಚಾರ್ಯರು. ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಬಂದಾಗ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದೂ, ಅದರಿಂದ ಬೆಂದಕಾಳೂರಾಯಿತೆಂದೂ ನಾವೆಲ್ಲರೂ ಚಿಕ್ಕಂದಿನಲ್ಲಿ ಕೇಳಿದ ಕಥೆಯು ಮನೋಹರವಾದುದೇ ಸರಿ. ಆದರೆ ಆ ಬಲ್ಲಾಳನು ಆಳಿದುದು 12ನೆಯ ಶತಮಾನದ ಕೊನೆಯಲ್ಲಿ. ಅವನಿಗೆ ಸುಮಾರು ಮುನ್ನೂರು ವರ್ಷ ಮೊದಲೇ ಬೇಗೂರಿನ ಕಲ್ಲಿನಲ್ಲಿ ಈ ಹೆಸರು ಕೊರೆಯಲ್ಪಟ್ಟಿದ್ದಿತು. ದೊಡ್ಡ ನಗರದ ಹುಟ್ಟಿನ ಸಾಕ್ಷಿಯನ್ನು ಕಾಪಾಡಿಕೊಂಡು ಬಂದುದು ಒಂದು ಸಣ್ಣ ಹಳ್ಳಿಯೆಂಬುದು ಇಲ್ಲಿ ಗಮನಿಸತಕ್ಕ ವಿಷಯ.

ಬೇಗೂರಿನ ಇನ್ನೊಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇದೆ. ಆನೆ ಕುದುರೆಗಳ ನಡುವೆ ನಡೆದ ಘೋರ ಯುದ್ಧವು ಅದರ ಮೇಲೆ ಬಹು ಚೆನ್ನಾಗಿ ಕೆತ್ತಲ್ಪಟ್ಟಿದೆ. ಗಂಗರಸನಾದ ಎರೆಯಪ್ಪನ ಆಜ್ಞೆಯಂತೆ ಯುದ್ಧಕ್ಕೆ ಹೋಗಿ ಮಡಿದ ನಾಗತ್ತರನೆಂಬ ನಾಯಕನ ಸ್ಮಾರಕವದು. ಆತನ ತರುವಾಯ ಇರುಗನೆಂಬವನಿಗೆ ‘ಬೆಂಪೂರು ಹನ್ನೆರಡು’ ಕೊಡಲ್ಪಟ್ಟಿತೆಂದು ಅದರಲ್ಲಿ ಹೇಳಿದೆ. ಬೆಂಪೂರೇ ಇಂದಿನ ಬೇಗೂರು. ಹನ್ನೆರಡೆಂದರೆ ಅದಕ್ಕೆ ಸೇರಿದ ಹನ್ನೆರಡು ಹಳ್ಳಿಗಳ ಗುಂಪು. ಗಂಗವಾಡಿ ತೊಂಬತ್ತಾರು ಸಾಸಿರವೆಂಬಂತೆ ನಾಡನ್ನೂ, ಬೆಂಪೂರು ಹನ್ನೆರಡೆಂಬಂತೆ ಸಣ್ಣ ಸೀಮೆಯನ್ನೂ ಎಣಿಕೆಯಿಂದ ಕರೆಯುವುದು ಆಗಿನ ವಾಡಿಕೆ. ಊರನ್ನು ಅದರ ಸುತ್ತಣ ಊರುಗಳಿಂದ ಬೇರ್ಪಡಿಸಿ ನೋಡುವ ಅಭ್ಯಾಸವು ಆ ಜನರಿಗಿರಲಿಲ್ಲ. ನಾಗತ್ತರನ ಮಗಳಾದ ತೊಂಡಬ್ಬೆಯೆಂಬವಳು ಜೈನಮತದ ವಿಧಿಯಂತೆ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳೆಂಬುದೂ ಬೇಗೂರಿನ ಶಾಸನವೊಂದರಿಂದ ತಿಳಿದುಬರುತ್ತದೆ. ಕಾಳಗದ ಕಲ್ಲುಗಳ ನಡುವೆ ಒಬ್ಬ ಮಗಳ ಹೆಸರೂ ಉಳಿದುಬಂದುದು ಸಂತೋಷದ ಸಂಗತಿ.

ಮಡಿವಾಳದ ಪಕ್ಕದ ಅಗರದಲ್ಲಿ 9ನೆಯ ಶತಮಾನದ ಗಂಗರ ಕಾಲದ ಶಾಸನವಿದೆ. ಅದು ಯುದ್ಧದ ಮಾತನ್ನಾಡುವುದಿಲ್ಲ. ಇರುವುಲಿಯೂರಿನ, ಎಂದರೆ ಇಂದಿನ ಇಬ್ಬಲೂರಿನ, ಒಡೆಯನ ಮಗನು ಎರಡು ಕೆರೆಗಳಿಗೆ ತೂಬುಗಳನ್ನಿಡಿಸಿ ಮೂರನೆಯ ಕೆರೆಯೊಂದನ್ನು ಕಟ್ಟಿಸಿದ ಪುಣ್ಯಕಾರ್ಯವನ್ನು ಅದು ತಿಳಿಸುತ್ತದೆ. ಪ್ರಾಣಕೊಟ್ಟವನಿಗೂ ಕೆರೆ ಕಟ್ಟಿಸಿದವನಿಗೂ ಆ ಕಾಲದವರು ಒಂದೇ ಬಗೆಯ ಕಲ್ಲಿನ ಗೌರವವನ್ನು ಸಲ್ಲಿಸಿದರು.

ಇನ್ನು ಮಡಿವಾಳದ ಸೋಮೇಶ್ವರ ದೇವಸ್ಥಾನ. ಹೊಸೂರು ರಸ್ತೆಯ ಗದ್ದಲದಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ಈ ಗುಡಿಯು ದೊರೆಯುವುದು. ಇದರ ಹೊರಗೋಡೆಗಳ ಮೇಲೆ ತಮಿಳು ಮತ್ತು ಗ್ರಂಥ ಲಿಪಿಗಳ ಶಾಸನಗಳಿವೆ. ಕನ್ನಡ ಸೀಮೆಯಲ್ಲಿ ತಮಿಳೇಕೆಂದು ಕೇಳಬಹುದು. ಕ್ರಿ.ಶ. 1004ರ ಸುಮಾರಿಗೆ ಚೋಳರು ತಲಕಾಡನ್ನು ಹಿಡಿದು ಗಂಗವಾಡಿಯನ್ನು ತಮ್ಮ ವಶಮಾಡಿಕೊಂಡರು. ನೂರಕ್ಕೂ ಮಿಗಿಲಾದ ವರ್ಷಗಳ ಮೇಲೆ ಹೊಯ್ಸಳ ವಿಷ್ಣುವರ್ಧನನು ಅವರನ್ನು ಅಲ್ಲಿಂದ ಹೊರಡಿಸಿದನು. ದೊರೆಗಳು ಬದಲಾದರೂ ಈ ಭಾಗದ ದೇವಸ್ಥಾನಗಳಲ್ಲಿ ತಮಿಳಿನಲ್ಲಿ ಬರೆಯುವ ವಾಡಿಕೆಯು ಬಹುಕಾಲ ಉಳಿಯಿತು. 1247ರ ಶಾಸನವೊಂದರಲ್ಲಿ ವೇಪ್ಪೂರಿನ ನಿವಾಸಿಯೊಬ್ಬನು ‘ವೆಂಗಳೂರಿನ ಹಿರಿಯ ಕೆರೆ’ಯ ಕೆಳಗಣ ಭೂಮಿಯನ್ನು ದಾನಮಾಡಿದ ವಿಷಯವಿದೆ. ವೇಪ್ಪೂರೆಂದರೆ ಬೇಗೂರು, ವೆಂಗಳೂರೆಂದರೆ ಬೆಂಗಳೂರು. ಮೂರನೆಯ ಬಲ್ಲಾಳನ ಕಾಲದ ಇನ್ನೊಂದು ಶಾಸನದಲ್ಲಿ ‘ತಾಮರೈಕ್ಕಿರೈ’ ಎಂಬ ಊರಿನ ಮಾತು ಬರುತ್ತದೆ. ಅದು ನಮ್ಮ ತಾವರೆಕೆರೆಯಲ್ಲದೆ ಬೇರೆಯಲ್ಲ.

ಇದನ್ನು ಸ್ವಲ್ಪ ನಿಧಾನವಾಗಿ ಆಲೋಚಿಸಿರಿ. ಕೆಂಪೇಗೌಡನು 1537ರಲ್ಲಿ ಪೇಟೆಯನ್ನು ಕಟ್ಟಿಸುವುದಕ್ಕೆ 290 ವರ್ಷಗಳ ಮೊದಲೇ ಬೆಂಗಳೂರೆಂಬಲ್ಲಿ ದೊಡ್ಡ ಕೆರೆಯಿದ್ದಿತು, ಅದರ ಕೆಳಗೆ ಗದ್ದೆಗಳಿದ್ದುವು. ಬೇಗೂರಿನವನು ಅಲ್ಲಿ ದಾನಮಾಡಿದ ಭೂಮಿಯ ಲೆಕ್ಕವು ಮಡಿವಾಳದ ಗೋಡೆಯ ಮೇಲೆ ಬರೆಯಲ್ಪಟ್ಟಿತು. ಆಂಗ್ಲರ ದಫ್ತರವು ತೆರಿಗೆಗಾಗಿ ಹುಟ್ಟಿದುದು. ನಮ್ಮದು ಮರಣ ಮತ್ತು ದಾನಗಳ ನೆನಪಿಗಾಗಿ ಹುಟ್ಟಿದುದು.

ಇಂತಹ ಬರಹಗಳನ್ನು ಓದಿ ಅಚ್ಚುಮಾಡಿಸಿ ಲೋಕಕ್ಕೆ ತಿಳಿಯಪಡಿಸಿದವರಲ್ಲಿ ಬಿ.ಎಲ್. ರೈಸ್ ಅವರು ಅಗ್ರಗಣ್ಯರು. ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಅವರು, ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯ 9ನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಪ್ರಕಟಿಸಿದರು.

ಹಳ್ಳಿಯ ಬಾಳು

ಕೆರೆಯ ಕೆಳಗಿನ ಭೂಮಿಯೆಂದರೇನು? ಕೆರೆಗೆ ಮುಖ್ಯವಾಗಿ ಮೂರು ಅಂಗಗಳು. ನೀರನ್ನು ತಡೆಯುವ ಮಣ್ಣಿನ ಏರಿ. ಬೇಕಾದಾಗ ನೀರು ಬಿಡುವ ತೂಬು. ಹೆಚ್ಚಾದ ನೀರು ಏರಿಗೆ ಅಪಾಯಮಾಡದೆ ಹರಿದುಹೋಗುವ ಕೋಡಿ. ತೂಬಿನ ನೀರು ತಲುಪುವಷ್ಟು ಭೂಮಿಗೆ ಅಚ್ಚುಕಟ್ಟೆಂದು ಹೆಸರು. ಅಲ್ಲಿ ಭತ್ತ, ಕಬ್ಬು, ತರಕಾರಿ. ನೀರು ಏರದ ಮೇಲಿನ ಹೊಲಗಳಲ್ಲಿ ಮಳೆಯನ್ನು ನಂಬಿದ ರಾಗಿ, ಅದರ ಸಾಲುಗಳ ನಡುವೆ ಅವರೆ. ಯಾರ ಗದ್ದೆಗೆ ಯಾವಾಗ ಎಷ್ಟು ನೀರೆಂಬುದನ್ನು ನಡೆಸುವವನು ನೀರಗಂಟಿ. ಅವನು ತೂಬೆತ್ತದೆ ಶ್ರೀಮಂತನಿಗೂ ನೀರಿಲ್ಲ. ಕಂದಾಯಕ್ಕೆ ಪಟೇಲ, ಲೆಕ್ಕಕ್ಕೆ ಶಾನುಭೋಗ, ಕಾವಲಿಗೆ ತಳವಾರ, ಹೀಗೆ ಊರಿನ ಕೆಲಸಗಳು ವಂಶಪರಂಪರೆಯಾಗಿ ನಡೆದುಬಂದುವು. 1961ರ ಶಾಸನದಿಂದ ಈ ಗ್ರಾಮಾಧಿಕಾರಗಳು ರದ್ದಾದುವು.

ದನಗಳ ಮೇವಿಗೆ ಗೋಮಾಳವನ್ನೂ, ನೆರಳಿಗೂ ಹಣ್ಣಿಗೂ ಗುಂಡುತೋಪನ್ನೂ ಬಿಡುವುದು ಪದ್ಧತಿ. ಅವು ಯಾರೊಬ್ಬರ ಸೊತ್ತೂ ಅಲ್ಲ, ಎಲ್ಲರವೂ ಹೌದು. ಕಾರ್ತಿಕ ಮಾರ್ಗಶಿರಗಳಲ್ಲಿ ರಾಗಿಯ ಕೊಯ್ಲು, ತರುವಾಯ ಕಣದಲ್ಲಿ ಒಕ್ಕಣೆ. ಚಳಿಗಾಲದ ಸೊಗಡಿನ ಅವರೆಕಾಯಿ ಬಂದಿತೆಂದರೆ ಹಳ್ಳಿಯ ಮನೆಮನೆಯಲ್ಲಿಯೂ ಹಿತಕಿದ ಬೇಳೆಯ ಸಾರಿನ ವಾಸನೆ. ತರಕಾರಿ, ಹಾಲು, ಹೂವುಗಳನ್ನು ಹೊತ್ತು ಹೆಂಗಸರು ನಸುಕಿನಲ್ಲಿಯೇ ಪೇಟೆಯ ದಾರಿ ಹಿಡಿಯುತ್ತಿದ್ದರು. ಮಡಿವಾಳದ ತರಕಾರಿಯ ಮಾರುಕಟ್ಟೆಯಲ್ಲಿ ಇಂದಿಗೂ ಬೆಳಗಿನ ಜಾವದ ಆ ಗಲಭೆಯನ್ನು ಕೇಳಬಹುದು.

ನೆರೆಯ ಕೋರಮಂಗಲದಲ್ಲಿ ಕೆಂಪೇಗೌಡನ ಸೊಸೆಯಾದ ಲಕ್ಷ್ಮೀದೇವಿಯ ಸಮಾಧಿಯನ್ನು ತೋರಿಸುತ್ತಾರೆ. ಕೋಟೆಯ ಬಾಗಿಲು ಮತ್ತೆ ಮತ್ತೆ ಬೀಳಲು, ಅವಳು ಯಾರಿಗೂ ತಿಳಿಸದೆ ರಾತ್ರಿಯಲ್ಲಿ ತನ್ನ ಪ್ರಾಣವನ್ನೊಪ್ಪಿಸಿದಳೆಂದು ಐತಿಹ್ಯ. ಇದು ಶಾಸನದ ಮಾತಲ್ಲ, ಜನರ ಬಾಯಿಯ ಮಾತು. ನಗರದ ಅಡಿಗಲ್ಲಿನ ಕೆಳಗೆ ಯಾರದೋ ತ್ಯಾಗವಿದೆಯೆಂಬ ಭಾವನೆಯು ಹಳ್ಳಿಯವರ ಮನಸ್ಸಿನಲ್ಲಿ ಎಷ್ಟು ಆಳವಾಗಿದ್ದಿತೆಂಬುದನ್ನು ಇದು ತೋರಿಸುತ್ತದೆ.

ಪಟ್ಟಣವು ಬಂದ ಬಗೆ

ಹಳ್ಳಿಗಳು ಪಟ್ಟಣಕ್ಕೆ ಬಂದುವೆಂದು ಹೇಳುವುದು ತಪ್ಪು. ಪಟ್ಟಣವೇ ಹಳ್ಳಿಗಳ ಬಳಿಗೆ ಬಂದಿತು. 1760ರಲ್ಲಿ ಹೈದರಾಲಿಯು ಲಾಲ್‌ಬಾಗ್ ತೋಟವನ್ನು ಆರಂಭಿಸಿದಾಗ ಅದು ಊರ ಹೊರಗಿನ ತೋಟ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನರು ಸಾಯತೊಡಗಿದ ಮೇಲೆ, ಗಾಳಿ ಬೆಳಕುಗಳುಳ್ಳ ಬಸವನಗುಡಿಯು ಸುಂಕೇನಹಳ್ಳಿಯ ಬಯಲಿನಲ್ಲಿ ಎದ್ದಿತು. ಕಡಲೆಕಾಯಿಯ ಹೊಲಗಳು ಹೋದುವು. ಆದರೆ ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯು ಹೋಗಲಿಲ್ಲ. ಹೊಲವಿಲ್ಲದಿದ್ದರೂ ಹಬ್ಬವು ಉಳಿದುಬಂದುದಕ್ಕೆ ಇದೊಂದು ಉತ್ತಮ ಉದಾಹರಣೆ.

1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ಏರ್ಪಟ್ಟಿತು. 1948ರ ಆಗಸ್ಟ್ ತಿಂಗಳಲ್ಲಿ ಅಂದಿನ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರ್ಯರು ಜಯನಗರಕ್ಕೆ ಅಸ್ತಿಭಾರವನ್ನು ಹಾಕಿದರು. ಕನಕನಪಾಳ್ಯ, ಸಿದ್ದಾಪುರ, ಬೈರಸಂದ್ರ, ಯಡಿಯೂರು ಮೊದಲಾದ ಹಳ್ಳಿಗಳು ಅದರ ಒಳಗೋ ಅಂಚಿನಲ್ಲಿಯೋ ಸೇರಿಕೊಂಡುವು. 1976ರಲ್ಲಿ ಆ ಮಂಡಲಿಯ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಜಯನಗರದ ಆಚೆಗೆ, 1915ರಲ್ಲಿ ಕಟ್ಟಲ್ಪಟ್ಟ ದೇವಿಯ ಗುಡಿಯ ಹೆಸರಿನಲ್ಲಿ ಬನಶಂಕರಿ, ಜಯಪ್ರಕಾಶ ನಾರಾಯಣರ ಹೆಸರಿನಲ್ಲಿ ಜೆ.ಪಿ. ನಗರ, ಮೂರು ಹಳ್ಳಿಗಳ ಅಕ್ಷರಗಳಿಂದ ಬಿ.ಟಿ.ಎಂ. ಹೀಗೆ ಬಡಾವಣೆಗಳು ಬೆಳೆದುವು. ಮನೆಯಿಲ್ಲದವರಿಗೆ ಮನೆ ಬೇಕು. ಅದನ್ನು ದೋಷವೆಂದು ಯಾರೂ ಹೇಳಲಾರರು. ನಾವೂ ಅಂತಹ ಮನೆಗಳಲ್ಲಿ ಇರುವವರೇ. ಆದರೆ ಮನೆ ಕಟ್ಟುವಾಗ ನೆಲದ ಇಳಿಜಾರನ್ನು ಮರೆತುದು ಮಾತ್ರ ನಮ್ಮ ತಪ್ಪು.

ಧರ್ಮಾಂಬುಧಿ ಕೆರೆಯು ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು. ಕೋಡಿಯ ನೀರು ಹರಿಯುತ್ತಿದ್ದ ರಾಜಕಾಲುವೆಗಳು ಕೆಲವೆಡೆ ಕಿರಿದಾದುವು, ಕೆಲವೆಡೆ ಮುಚ್ಚಿಹೋದುವು. ನೀರಗಂಟಿಯು ಹೋದನು, ನೀರು ಹೋಗಲಿಲ್ಲ. 2017ರ ಆಗಸ್ಟಿನಲ್ಲಿ ಕೋರಮಂಗಲದ ಕಡೆಯೂ, 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆಯೂ ಮನೆಗಳೊಳಗೆ ನೀರು ನುಗ್ಗಿ ಜನರು ಪಟ್ಟ ಪಾಡನ್ನು ನಾವು ಕಂಡಿರುವೆವು. ಆ ದಿನಗಳಲ್ಲಿ ನೀರು ಹೊಸ ದಾರಿಯನ್ನೇನೂ ಹುಡುಕಲಿಲ್ಲ. ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ಊರನ್ನು ಮರೆತವರು ನಾವು.

ಇಂದಿಗೂ ಕಾಣಬಹುದಾದುದು

ಹಾಗಾದರೆ ಹಳ್ಳಿಯು ಪೂರ್ತಿಯಾಗಿ ಹೋಯಿತೆ? ಇಲ್ಲ. ಬಡಾವಣೆಗಾಗಿ ಸಾಮಾನ್ಯವಾಗಿ ತೆಗೆದುಕೊಂಡುದು ಹೊಲಗದ್ದೆಗಳನ್ನು. ಜನರು ವಾಸವಾಗಿದ್ದ ಗ್ರಾಮಠಾಣವನ್ನು ಬಿಟ್ಟರು. ಆದುದರಿಂದ ನೇರವಾದ, ಸಂಖ್ಯೆಯುಳ್ಳ ಅಡ್ಡರಸ್ತೆಗಳಲ್ಲಿ ನಡೆಯುತ್ತಾ ಹೋಗುವಾಗ ಎಲ್ಲಿ ಬೀದಿಯು ಒಮ್ಮೆಗೆ ಕಿರಿದಾಗಿ ಅಂಕುಡೊಂಕಾಗುವುದೋ, ಎಲ್ಲಿ ಅರಳಿಕಟ್ಟೆಯೂ ಅದರ ಬುಡದಲ್ಲಿ ನಾಗರಕಲ್ಲುಗಳೂ ಕಾಣುವುವೋ, ಎಲ್ಲಿ ಮಾರಮ್ಮನ ಸಣ್ಣ ಗುಡಿಯೂ ಮನೆಗಳ ಮುಂದೆ ಜಗಲಿಯೂ ಇರುವುವೋ, ಅಲ್ಲಿಯೇ ಹಳೆಯ ಊರು. ಅಲ್ಲಿ ನಿಂತು ನೆಲವು ಯಾವ ಕಡೆಗೆ ಇಳಿಯುವುದೆಂದು ನೋಡಿದರೆ ಕೆರೆಯಿದ್ದ ಅಥವಾ ಇರುವ ದಿಕ್ಕು ತಿಳಿದುಬರುವುದು.

ಮಡಿವಾಳದ ಕೆರೆಯು ಇನ್ನೂ ಇರುವುದು. 250 ಎಕರೆಗೂ ಮಿಗಿಲಾದ ಅದರ ವಿಸ್ತಾರದ ಮೇಲೆ ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳು ಬಂದಿಳಿಯುವುದನ್ನು ಬೆಳಗಿನ ಹೊತ್ತು ನೋಡಿದವರು, ಕೆರೆಗೆ ಸಮುದ್ರವೆಂದು ಹೆಸರಿಟ್ಟ ಹಿರಿಯರನ್ನು ನೋಡಿ ನಗಲಾರರು.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ರಜೆಯ ದಿನ ಮಕ್ಕಳನ್ನು ಮಡಿವಾಳದ ಗುಡಿಗೆ ಕರೆದುಕೊಂಡು ಹೋಗಿ, ಒಳಗೆ ಹೋಗುವ ಮೊದಲು ಹೊರಗೋಡೆಯ ಅಕ್ಷರಗಳನ್ನು ತೋರಿಸಿರಿ. ಅವು ಅರ್ಥವಾಗದಿದ್ದರೂ ಚಿಂತೆಯಿಲ್ಲ. ಅವನ್ನು ಬರೆಯಿಸಿದವರು ಇದೇ ನೆಲದವರೆಂದು ಹೇಳಿದರೆ ಸಾಕು. ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಹಳ್ಳಿಗಳ ಮನೆತನದವರು ಇದ್ದೇ ಇರುವರು. ಯಾವ ಮನೆಯ ಹಿತ್ತಲಿನಲ್ಲಿ ಕಾಲುವೆಯಿದ್ದಿತು, ಗುಂಡುತೋಪು ಎಲ್ಲಿದ್ದಿತು, ಕೆರೆ ಕೋಡಿಬಿದ್ದ ವರ್ಷ ಊರಿನವರು ಏನು ಮಾಡಿದರು, ಇವನ್ನು ಬಲ್ಲ ಅಜ್ಜಿಯರು ಅವರ ಮನೆಗಳಲ್ಲಿ ಇನ್ನೂ ಇರುವರು. ಅವರು ಹೇಳುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಊರಿನ ಹೆಸರು ಹಾಕಿ ಬರೆದಿಡಿರಿ. ಬೇಗೂರಿನವನೊಬ್ಬನು ಕೊಟ್ಟ ಗದ್ದೆಯ ಮಾತು ಏಳು ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷ ನಿಂತಿರುವುದು, ಯಾರೋ ಅದನ್ನು ಬರೆದಿಟ್ಟುದರಿಂದಲೇ ಅಲ್ಲವೆ?